ಕೆಐ-67 ಮಂಕು, ಹಸಿರು ಚಾನೆಲ್ ಮಾತ್ರ ಎಲ್ಲ ಕಡೆ ಹೊಳೆಯುತ್ತಿದೆ. ಏನು ತಪ್ಪು?

ಮಳೆಹುಳ (ಮಡಿಕೇರಿ):
ಎಲ್ಲರಿಗೂ ನಮಸ್ಕಾರ. ದೊಡ್ಡಕರುಳಿನ ಕ್ಯಾನ್ಸರ್‌ನ, ಮೇಣದಲ್ಲಿ ಹುದುಗಿಸಿದ ಬ್ಲಾಕ್‌ನಿಂದ 4 ಮೈಕ್ರಾನ್‌ನ ತೆಳು ಹೋಳು (ಸೆಕ್ಷನ್) ತೆಗೆದು ಮೂರು ಆಂಟಿಬಾಡಿ ಹಾಕಿದ್ದೇನೆ. ಗಡ್ಡೆಯ ಕೋಶ ತೋರಿಸುವ ಸೈಟೋಕೆರಾಟಿನ್ 647ರಲ್ಲಿ (ಕಡುಗೆಂಪು), ಟಿ ಕೋಶ ತೋರಿಸುವ ಸಿಡಿ8 488ರಲ್ಲಿ (ಹಸಿರು), ವಿಭಜಿಸುತ್ತಿರುವ ಕೋಶ ತೋರಿಸುವ ಕೆಐ-67 555ರಲ್ಲಿ (ಕಿತ್ತಳೆ); ಸಂಖ್ಯೆಗಳು ಹೊಳೆಯುವ ಬಣ್ಣಗಳ ಹೆಸರು. ಗಡ್ಡೆಯ ಕೋಶಗಳಿಂದ ಟಿ ಕೋಶಗಳು ಎಷ್ಟು ದೂರ ಇವೆ ಅಂತ ಅಳೆಯಬೇಕು. ಬರೀ ಎಣಿಸಿದರೆ ಸಾಲದು, ಯಾವುದು ಎಲ್ಲಿದೆ ಅನ್ನೋದೇ ಮುಖ್ಯ.

ಅಂಗಾಂಶ ಕೆಡದಂತೆ ಹಾಕುವ ಫಾರ್ಮಲಿನ್ ಮುಚ್ಚಿಟ್ಟ ಗುರುತುಗಳು ಆಂಟಿಬಾಡಿಗೆ ಸಿಗಲೆಂದು ಮೊದಲು ಸೆಕ್ಷನ್ ಕಾಯಿಸುವ ಪ್ರೊಟೊಕಾಲ್ ಮಂಗಳೂರಿನ ಗೆಳತಿಯದು: ಸಿಟ್ರೇಟ್ ಬಫರ್, ಪಿಎಚ್ 6, ಬೀಕರ್‌ನಲ್ಲಿ ಕುದಿಯುವ ನೀರು, ಅದರೊಳಗೆ ಸ್ಲೈಡ್ ಜಾರ್, 20 ನಿಮಿಷ. ಅವಳಿಗೆ ಕೆಐ-67 ಚೆನ್ನಾಗಿ ಬರುತ್ತದೆ. ನನಗೆ ಬರೀ ಮಂಕು. ಹಸಿರಿನಲ್ಲಿ ಮಾತ್ರ ಇಡೀ ಸೆಕ್ಷನ್ ದೀಪಾವಳಿ. ಆಂಟಿಬಾಡಿ ಎರಡರಷ್ಟು ಹಾಕಿದೆ, ಸುಮ್ನೆ ದುಡ್ಡು ಹೋಯಿತು. ನ್ಯೂಕ್ಲಿಯಸ್ ತೋರಿಸುವ ನೀಲಿ ಬಣ್ಣ ಡಾಪಿ ಚೆನ್ನಾಗಿಯೇ ಇದೆ.

ಸ್ಲೈಡ್‌ಡಬ್ಬಿ:
ಆಂಟಿಬಾಡಿ ಹಾಕದ ಸ್ಲೈಡನ್ನು ಅದೇ ಎಕ್ಸ್‌ಪೋಷರ್‌ನಲ್ಲಿ ನೋಡಿದ್ದೀರಾ ಮೇಡಂ?

ಮಳೆಹುಳ:
ಈಗ ನೋಡಿದೆ ಸರ್. ಅದೂ ಹಸಿರೇ! ರಕ್ತನಾಳದ ಒಳಗೆ ಇನ್ನೂ ಜಾಸ್ತಿ.

ಸ್ಲೈಡ್‌ಡಬ್ಬಿ:
ಹಾಗಾದರೆ ಅದು ಸಿಡಿ8 ಅಲ್ಲ, ಅಂಗಾಂಶದ ಸ್ವಂತ ಹೊಳಪು. ಕೆಂಪು ರಕ್ತಕಣ, ಕೊಲಾಜೆನ್, ಫಾರ್ಮಲಿನ್ ಎಲ್ಲವೂ 488ರಲ್ಲೇ ಹೆಚ್ಚು ಬೆಳಗುತ್ತವೆ. ಬಣ್ಣಗಳನ್ನು ಅದಲುಬದಲು ಮಾಡಿ: ಸೈಟೋಕೆರಾಟಿನ್ ಧಾರಾಳವಾಗಿ ಇರುತ್ತದೆ, ಅದು 488ರಲ್ಲಿ ಇರಲಿ. ಅಪರೂಪದ ಸಿಡಿ8 647ಕ್ಕೆ ಹೋಗಲಿ, ಅಲ್ಲಿ ಹಿನ್ನೆಲೆ ಕಡಿಮೆ. ಆಂಟಿಬಾಡಿ ಹಾಕುವ ಮೊದಲು ಪಿಬಿಎಸ್ ಎಂಬ ಉಪ್ಪುನೀರಿನ ಬಫರ್‌ನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸ್ವಲ್ಪ ಸೋಡಿಯಂ ಹೈಡ್ರಾಕ್ಸೈಡ್ ಸೇರಿಸಿ, ಬಿಳಿ ಎಲ್‌ಇಡಿ ಕೆಳಗೆ 45 ನಿಮಿಷ ಇಡಿ, ಸ್ವಂತ ಹೊಳಪು ಮಾಸುತ್ತದೆ. ಸುಡಾನ್ ಬ್ಲಾಕ್ ಎಂಬ ಕಪ್ಪು ಬಣ್ಣ ಹಾಕಿ ಅಂತ ಯಾರಾದರೂ ಹೇಳುತ್ತಾರೆ. ಅದು ಹಸಿರನ್ನು ತಗ್ಗಿಸುತ್ತದೆ ನಿಜ, ಆದರೆ 647ರಲ್ಲಿ ತಾನೇ ಹೊಳೆಯುತ್ತದೆ. ನನಗಂತೂ ಇಷ್ಟವಿಲ್ಲ.

ಕಾಫಿಗಿಡ:
ಕೆಐ-67 ಬಗ್ಗೆ ಒಂದು ಮಾತು ಅಕ್ಕಾ. ಮಂಗಳೂರು ಸಮುದ್ರದ ಪಕ್ಕ, ನೀವಿರೋದು ಸುಮಾರು 1150 ಮೀಟರ್ ಮೇಲೆ. ಅಲ್ಲಿ ನೀರು 100ಕ್ಕೆ ಕುದಿಯುತ್ತದೆ, ನಿಮ್ಮಲ್ಲಿ ಸುಮಾರು 96ಕ್ಕೇ. ಬೇಳೆ ಬೇಯಲು ಹೊತ್ತಾಗುತ್ತದೆ ಅಂತ ನಮ್ಮ ಅಜ್ಜಿ ಕುಶಾಲಾಗಿ ಬೆಟ್ಟವನ್ನು ಬೈಯುತ್ತಿದ್ದರು, ಅದೇ ಕಥೆ. 96 ಇದ್ದರೂ ಸಾಕು, ಆದರೆ ಜಾರ್ ಒಳಗೆ ಅಷ್ಟಿದೆಯಾ? ಥರ್ಮಾಮೀಟರನ್ನು ಬಫರ್ ಒಳಗೇ ಇಳಿಸಿ ನೋಡಿ. ಫಾರ್ಮಲಿನ್ ಕಟ್ಟಿದ ಗಂಟು ಬಿಚ್ಚದಿದ್ದರೆ ಆಂಟಿಬಾಡಿಗೆ ಕೆಐ-67 ಸಿಗೋದೇ ಇಲ್ಲ.

ಮಳೆಹುಳ:
ನೋಡಿದೆ. 89! ಬಫರನ್ನು ತಣ್ಣಗಿರುವಾಗಲೇ ಇಟ್ಟು ಗಡಿಯಾರ ಶುರು ಮಾಡುತ್ತಿದ್ದೆ, ಮುಚ್ಚಳವೂ ಇಲ್ಲ.

ಕಾಫಿಗಿಡ:
ಪ್ರೆಷರ್ ಕುಕ್ಕರ್ ತನ್ನಿ, ಬೆಟ್ಟದಲ್ಲೂ ಸಲೀಸಾಗಿ 110 ದಾಟುತ್ತದೆ. ಪೂರ್ಣ ಒತ್ತಡ ಬಂದ ಮೇಲೆ 3 ನಿಮಿಷದಿಂದ ಶುರು ಮಾಡಿ. ಪಂದಿ ಕರಿ ಮಾಡುವ ಕುಕ್ಕರ್ ಬೇಡ, ಲ್ಯಾಬ್‌ಗೆ ಅಂತಲೇ ಬೇರೆ ಇಡಿ.

ಮಳೆಹುಳ (ನಾಲ್ಕು ದಿನದ ನಂತರ):
ಕೆಐ-67 ಬಂತು! ಗ್ರಂಥಿಗಳ ತಳದಲ್ಲಿ ಒಂದೊಂದು ನ್ಯೂಕ್ಲಿಯಸ್ ಬೇರೆಬೇರೆಯಾಗಿ ಕಾಣುತ್ತಿದೆ. ಸಿಡಿ8 ಕೂಡ 647ರಲ್ಲಿ ಸ್ಪಷ್ಟ, ಹೆಚ್ಚಿನವು ಗಡ್ಡೆಯ ಹೊರಗೇ ನಿಂತಿವೆ. ಆದರೆ ಎರಡು ಸೆಕ್ಷನ್‌ಗಳ ಮೂಲೆ ಎದ್ದುಹೋಯಿತು.

ಸ್ಲೈಡ್‌ಡಬ್ಬಿ:
ಸಾದಾ ಸ್ಲೈಡ್ ಅಲ್ವಾ? ಅಂಗಾಂಶವನ್ನು ಹಿಡಿದಿಡುವ ಚಾರ್ಜ್ಡ್ ಸ್ಲೈಡ್ ತಗೊಳ್ಳಿ, ಮಳೆಗಾಲದಲ್ಲಿ 60 ಡಿಗ್ರಿಯಲ್ಲಿ ಒಂದು ಗಂಟೆ ಒಣಗಿಸಿ. ಮತ್ತೆ ಕುಕ್ಕರನ್ನು ನಲ್ಲಿ ಕೆಳಗೆ ಹಿಡಿದು ತಣಿಸಬೇಡಿ, ತಾನಾಗಿ ಆರಲಿ.