ಹಬ್ಬದ ಮಾರಾಟಕ್ಕೆ ಮುನ್ನ: ನಿರ್ಬಂಧಿತ ಹ್ಯಾಶ್‌ಟ್ಯಾಗ್‌ಗಳನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ಕೊಂಡಿ_ಸೆರಗು

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ಜಿಲ್ಲೆಯ ಕೆಲವು ನೇಕಾರ ಕುಟುಂಬಗಳು ನೇಯುವ ಇಳಕಲ್ ಸೀರೆ ಮತ್ತು ಗುಳೇದಗುಡ್ಡದ ಖಣಗಳ ಚಿತ್ರಗಳನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕುವ ಪುಟವೊಂದನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ದೀಪಾವಳಿ ಮತ್ತು ತುಳಸಿ ಲಗ್ನದ ನಂತರ ಆರಂಭವಾಗುವ ಮದುವೆಗಳ ಕಾಲ ನಮಗೆ ವರ್ಷದ ಮುಖ್ಯ ವ್ಯಾಪಾರದ ಸಮಯವಾದ್ದರಿಂದ, ಅದಕ್ಕೆ ಮೊದಲೇ ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳಬೇಕೆಂದು ಇಲ್ಲಿ ಕೇಳುತ್ತಿದ್ದೇನೆ.

ವಾಟ್ಸ್ಆ್ಯಪ್ ಗುಂಪುಗಳಲ್ಲಿ "ಈ ಹ್ಯಾಶ್‌ಟ್ಯಾಗ್ ಬಳಸಿದರೆ ನಿಮ್ಮ ಪೋಸ್ಟ್ ಯಾರಿಗೂ ಕಾಣುವುದಿಲ್ಲ" ಎಂಬ ಉದ್ದುದ್ದದ ಪಟ್ಟಿಗಳು ಬರುತ್ತಿರುತ್ತವೆ. ಅವುಗಳಲ್ಲಿ ಅಶ್ಲೀಲ ಪದಗಳ ಜೊತೆಗೆ ಡೆಸ್ಕ್, ಪುಷ್‌ಅಪ್ಸ್, ಬ್ಯೂಟಿಬ್ಲಾಗರ್, ವ್ಯಾಲೆಂಟೈನ್ಸ್‌ಡೇ ಮುಂತಾದ ಸಾಧಾರಣ ಪದಗಳೂ ಇವೆ. ಇಂತಹ ಪಟ್ಟಿಗಳನ್ನು ನಂಬಬಹುದೇ? ಒಂದು ಟ್ಯಾಗ್ ನಿರ್ಬಂಧಕ್ಕೆ ಒಳಗಾಗಿದೆಯೇ ಎಂಬುದನ್ನು ನಾವೇ ಪರೀಕ್ಷಿಸುವ ದಾರಿ ಯಾವುದು? ಹಲವು ಟ್ಯಾಗ್‌ಗಳ ನಡುವೆ ನಿರ್ಬಂಧಿತವಾದದ್ದು ಒಂದೇ ಒಂದು ಸೇರಿಕೊಂಡರೆ ಇಡೀ ಪೋಸ್ಟಿಗೆ ತೊಂದರೆಯಾಗುತ್ತದೆಯೇ? ಕನ್ನಡ ಲಿಪಿಯ ಟ್ಯಾಗ್‌ಗಳ ಬಗ್ಗೆಯೂ ಅನುಭವವಿದ್ದವರು ತಿಳಿಸಬೇಕೆಂದು ವಿನಂತಿ.

ಉತ್ತರ 1: ತೆರೆದ_ಕಿಟಕಿ

ಆ ಪಟ್ಟಿಗಳನ್ನು ಬದಿಗಿಡುವುದು ಒಳ್ಳೆಯದು. ಅವುಗಳಲ್ಲಿರುವುದೆಲ್ಲ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಯಾವುದು ಯಾವ ದಿನದ ಸ್ಥಿತಿ ಎಂಬುದು ಅವುಗಳಿಂದ ತಿಳಿಯುವುದಿಲ್ಲ. ಇನ್‌ಸ್ಟಾಗ್ರಾಂ ತಾನು ನಿರ್ಬಂಧಿಸಿದ ಟ್ಯಾಗ್‌ಗಳ ಪೂರ್ಣ ಪಟ್ಟಿಯನ್ನು ಪ್ರಕಟಿಸುವುದಿಲ್ಲ. ನಿರ್ಬಂಧಗಳು ಬರುತ್ತವೆ, ಹೋಗುತ್ತವೆ; ಆದರೆ ಒಮ್ಮೆ ಯಾರೋ ಬರೆದಿಟ್ಟ ಪಟ್ಟಿಯನ್ನು ಎಲ್ಲರೂ ವರ್ಷಗಟ್ಟಲೆ ಹಾಗೆಯೇ ನಕಲು ಮಾಡುತ್ತಾ ಬಂದಿದ್ದಾರೆ.

ಸಾಧಾರಣ ಪದಗಳು ಅದರಲ್ಲಿ ಏಕೆ ಸೇರಿಕೊಂಡವು ಎಂಬುದನ್ನು ತಿಳಿದರೆ ನಿಮ್ಮ ಅರ್ಧ ಆತಂಕ ಕಡಿಮೆಯಾಗುತ್ತದೆ. ಕೆಲವು ಪದಗಳು ಸ್ವತಃ ಹಾನಿಗೆ ದಾರಿ ಮಾಡುವಂಥವು. 2012ರ ಏಪ್ರಿಲ್‌ನಲ್ಲಿ, ಊಟ ಬಿಟ್ಟು ದೇಹವನ್ನು ಕೃಶಗೊಳಿಸಿಕೊಳ್ಳುವುದನ್ನು ಕೊಂಡಾಡುವ ಥಿನ್‌ಸ್ಪಿರೇಶನ್ ಮುಂತಾದ ಟ್ಯಾಗ್‌ಗಳನ್ನು ಇನ್‌ಸ್ಟಾಗ್ರಾಂ ಹುಡುಕಾಟದಿಂದ ತೆಗೆದುಹಾಕಿತು. ಅದು ಆಗಲೇಬೇಕಿದ್ದ ಕೆಲಸ ಎಂಬುದು ನನ್ನ ಅಭಿಪ್ರಾಯ. ಇನ್ನು ಕೆಲವು ಪದಗಳಲ್ಲಿ ಯಾವ ದೋಷವೂ ಇರುವುದಿಲ್ಲ, ಆದರೆ ಅವುಗಳ ಅಡಿಯಲ್ಲಿ ಬೇರೆಯವರು ಅಶ್ಲೀಲ ಚಿತ್ರಗಳನ್ನೋ ಮೋಸದ ಜಾಹೀರಾತುಗಳನ್ನೋ ರಾಶಿ ಹಾಕಿರುತ್ತಾರೆ. 2015ರ ಜುಲೈನಲ್ಲಿ ಕರ್ವಿ ಎಂಬ ಟ್ಯಾಗ್ ಹುಡುಕಾಟದಲ್ಲಿ ಸಿಗದಂತಾಗಿದ್ದು ಈ ಕಾರಣಕ್ಕೆ. ತುಂಬು ಮೈಯ ಮಹಿಳೆಯರು ತಮ್ಮ ಉಡುಪಿನ ಚಿತ್ರಗಳಿಗೆ ಗೌರವದಿಂದ ಬಳಸುತ್ತಿದ್ದ ಪದವದು. ದೊಡ್ಡ ಪ್ರತಿಭಟನೆ ನಡೆದ ಮೇಲೆ ಕೆಲವೇ ದಿನಗಳಲ್ಲಿ ಅದು ಮರಳಿ ಬಂತು. ಅದೇ ವರ್ಷ ಬದನೆಕಾಯಿಯ ಇಮೋಜಿಯನ್ನು ಟ್ಯಾಗ್ ಆಗಿ ಹುಡುಕುವುದನ್ನೂ ತಡೆಯಲಾಗಿತ್ತು. ಹೀಗಾಗಿ ಪದದ ಅರ್ಥವನ್ನಷ್ಟೇ ನೋಡಿ "ಇದು ಸುರಕ್ಷಿತ" ಎಂದು ತೀರ್ಮಾನಿಸುವಂತಿಲ್ಲ. ಉಡುಪು, ಸೌಂದರ್ಯ, ಮೈಕಟ್ಟು ಇವುಗಳಿಗೆ ಸಂಬಂಧಿಸಿದ, ಯಾರು ಬೇಕಾದರೂ ಬಳಸಬಹುದಾದ ಇಂಗ್ಲಿಷ್ ಟ್ಯಾಗ್‌ಗಳ ವಿಷಯದಲ್ಲಿ ಈ ಎಚ್ಚರ ಹೆಚ್ಚು ಬೇಕು.

ಪರೀಕ್ಷಿಸುವುದಕ್ಕೆ ಬೇರೆ ಯಾವ ಆ್ಯಪ್‌ನ ಅಗತ್ಯವೂ ಇಲ್ಲ. ನೀವು ಬಳಸಬೇಕೆಂದಿರುವ ಟ್ಯಾಗನ್ನು ಇನ್‌ಸ್ಟಾಗ್ರಾಂನ ಹುಡುಕಾಟದಲ್ಲೇ ಟೈಪ್ ಮಾಡಿ, ಅದರ ಪುಟವನ್ನು ತೆರೆದು ನೋಡಿ. ಎಷ್ಟೋ ಜನ ಬಳಸುತ್ತಿರುವ ಪದವಾಗಿದ್ದರೂ ಪುಟವೇ ಸಿಗದಿದ್ದರೆ, ಸಮುದಾಯದ ನಿಯಮಗಳಿಗೆ ಹೊಂದದ ಕಾರಣ ಪೋಸ್ಟ್‌ಗಳನ್ನು ಮರೆಮಾಡಲಾಗಿದೆ ಎಂಬ ಸೂಚನೆ ಕಂಡರೆ, ಅಥವಾ ಪೋಸ್ಟ್‌ಗಳಿಗೆ ಬದಲಾಗಿ "ನಿಮಗೆ ಸಹಾಯ ಬೇಕೇ" ಎಂದು ಕೇಳುವ ಪರದೆ ಬಂದರೆ, ಆ ಟ್ಯಾಗನ್ನು ಬಿಟ್ಟುಬಿಡಿ. ಪುಟ ಸಲೀಸಾಗಿ ತೆರೆದರೂ ಅಲ್ಲಿರುವ ಚಿತ್ರಗಳನ್ನು ಒಮ್ಮೆ ಕಣ್ಣಾಡಿಸಿ. ಸೀರೆಗೆ ಸಂಬಂಧವೇ ಇಲ್ಲದ, ಮನೆಯವರ ಮುಂದೆ ತೆರೆಯಲಾಗದಂಥ ಚಿತ್ರಗಳು ತುಂಬಿದ್ದರೆ ಆ ಟ್ಯಾಗ್ ಇಂದು ನಿರ್ಬಂಧದಲ್ಲಿ ಇರದಿದ್ದರೂ ನಿಮ್ಮ ನೇಯ್ಗೆಗೆ ತಕ್ಕ ಜಾಗವಲ್ಲ. ಮೊಬೈಲಿನಲ್ಲಿ ಬರೆದಿಟ್ಟ ಒಂದೇ ಗುಚ್ಛವನ್ನು ತಿಂಗಳುಗಟ್ಟಲೆ ಅಂಟಿಸುತ್ತಾ ಹೋಗುವ ರೂಢಿ ಅನೇಕರಲ್ಲಿದೆ. ಆ ಗುಚ್ಛವನ್ನು ಆಗಾಗ ಹೀಗೆ ತೆರೆದು ನೋಡುವುದು ಅವಶ್ಯ.

ಒಂದು ನಿರ್ಬಂಧಿತ ಟ್ಯಾಗ್‌ನಿಂದ ಖಚಿತವಾಗಿ ಆಗುವ ನಷ್ಟವೆಂದರೆ ಆ ಟ್ಯಾಗ್‌ನ ಮೂಲಕ ಹೊಸಬರು ನಿಮ್ಮ ಪೋಸ್ಟಿಗೆ ಬರಲಾರರು. ಈಗಾಗಲೇ ನಿಮ್ಮನ್ನು ಅನುಸರಿಸುತ್ತಿರುವವರಿಗೆ ಪೋಸ್ಟ್ ಕಾಣಲು ಹ್ಯಾಶ್‌ಟ್ಯಾಗ್ ಬೇಕಾಗಿಯೇ ಇಲ್ಲ. ಒಂದು ಪದದಿಂದ ಇಡೀ ಖಾತೆಯೇ ಕತ್ತಲಿಗೆ ಬೀಳುತ್ತದೆ ಎಂಬ ಮಾತನ್ನು ಹರಡುವವರು ಅದಕ್ಕೆ ಆಧಾರವನ್ನು ಕೊಡುವುದಿಲ್ಲ.

ಉತ್ತರ 2: ಚಿಕ್ಕಿಪರಾಸ್

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಆದರೆ ಕೊಂಡಿ_ಸೆರಗು ಅವರು ತಮ್ಮ ಶ್ರಮವನ್ನೆಲ್ಲ ಹ್ಯಾಶ್‌ಟ್ಯಾಗ್‌ಗಳ ಮೇಲೆಯೇ ಹಾಕದಿರಲಿ ಎಂಬ ಕಾಳಜಿಯಿಂದ ಕೆಲವು ಮಾತು ಸೇರಿಸುತ್ತೇನೆ. ಒಂದು ಪೋಸ್ಟಿಗೆ 30 ಟ್ಯಾಗ್‌ಗಳವರೆಗೆ ಹಾಕಲು ಅವಕಾಶವಿದ್ದ ಕಾಲದಲ್ಲೇ, 2021ರಲ್ಲಿ, ಇನ್‌ಸ್ಟಾಗ್ರಾಂನ ಕ್ರಿಯೇಟರ್ಸ್ ಖಾತೆ 3ರಿಂದ 5 ಸಾಕು ಎಂದು ಸಲಹೆ ನೀಡಿತ್ತು. ಟ್ಯಾಗ್‌ಗಳಿಂದ ತಲುಪುವಿಕೆ ಗಣನೀಯವಾಗಿ ಹೆಚ್ಚುವುದಿಲ್ಲ ಎಂದು ಸಂಸ್ಥೆಯ ಮುಖ್ಯಸ್ಥ ಆಡಂ ಮೊಸ್ಸೇರಿ ಹಲವು ಬಾರಿ ಹೇಳಿದ್ದಾರೆ. ಹ್ಯಾಶ್‌ಟ್ಯಾಗನ್ನೇ ಅನುಸರಿಸುವ ಸೌಲಭ್ಯ 2017ರಲ್ಲಿ ಬಂದದ್ದು 2024ರ ಡಿಸೆಂಬರ್‌ನಲ್ಲಿ ಹೋಯಿತು. ಹೊಸಬರಿಗೆ ಪೋಸ್ಟನ್ನು ಮುಟ್ಟಿಸುವ ಕೆಲಸವನ್ನು ಈಗ ಬಹುಪಾಲು ಮಾಡುತ್ತಿರುವುದು ಶಿಫಾರಸು ವ್ಯವಸ್ಥೆ.

ಆ ಶಿಫಾರಸಿಗೆ ಅದರದೇ ನಿಯಮಗಳಿವೆ, ಮತ್ತು ಸೀರೆ ಮಾರುವವರು ತಿಳಿಯದೆ ಎಡವುವುದು ಇಲ್ಲಿಯೇ. 2020ರ ಆಗಸ್ಟ್‌ನಲ್ಲಿ ಪ್ರಕಟವಾದ ಶಿಫಾರಸು ಮಾರ್ಗಸೂಚಿಯ ಪ್ರಕಾರ, ಬಹುಮಾನ ಹಂಚುವ ಸ್ಪರ್ಧೆಗಳು ಮತ್ತು ಲೈಕ್, ಕಾಮೆಂಟ್‌ಗಳಿಗಾಗಿ ಆಮಿಷ ಒಡ್ಡುವ ಬರಹಗಳು ವೇದಿಕೆಯಲ್ಲಿ ಉಳಿಯಬಹುದಾದರೂ ಅಪರಿಚಿತರಿಗೆ ಶಿಫಾರಸಾಗುವುದಕ್ಕೆ ಅರ್ಹವಲ್ಲ. ಹಬ್ಬದ ದಿನಗಳಲ್ಲಿ "ಮೂವರು ಗೆಳತಿಯರನ್ನು ಟ್ಯಾಗ್ ಮಾಡಿ, ಸೀರೆ ಗೆಲ್ಲಿ" ಎಂಬ ಪೋಸ್ಟ್ ಹಾಕದ ಅಂಗಡಿ ಸಿಗುವುದು ಕಷ್ಟ. ಅಂಥ ಪೋಸ್ಟ್ ಹೊಸಬರಿಗೆ ಮುಟ್ಟದಿದ್ದಾಗ ಎಲ್ಲರೂ ದೂರುವುದು ಮಾತ್ರ ಹ್ಯಾಶ್‌ಟ್ಯಾಗನ್ನು.

ಬೇರೊಂದು ಆ್ಯಪ್‌ನ ಗುರುತು ಉಳಿದಿರುವ ವಿಡಿಯೋಗಳನ್ನು ರೀಲ್ಸ್‌ನಲ್ಲಿ ಹಿಂದಕ್ಕೆ ಸರಿಸುವುದಾಗಿ ಇನ್‌ಸ್ಟಾಗ್ರಾಂ 2021ರ ಫೆಬ್ರವರಿಯಲ್ಲೇ ತಿಳಿಸಿತ್ತು. 2024ರ ಏಪ್ರಿಲ್‌ನಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟು, 30 ದಿನಗಳಲ್ಲಿ 10 ಅಥವಾ ಹೆಚ್ಚು ಬಾರಿ ಬೇರೆಯವರ ಚಿತ್ರ, ವಿಡಿಯೋಗಳನ್ನು ಯಾವ ಗಣನೀಯ ಬದಲಾವಣೆಯೂ ಇಲ್ಲದೆ ಮರುಹಾಕುವ ಖಾತೆಗಳನ್ನು ಶಿಫಾರಸಿನಿಂದ ಹೊರಗಿಡುವುದಾಗಿ ಪ್ರಕಟಿಸಿತು. ನೇಕಾರರ ಚಿತ್ರಗಳನ್ನು ಎತ್ತಿಕೊಂಡು ತಮ್ಮದೆಂದು ಹಾಕುವ ಮರುಮಾರಾಟಗಾರರು ನಮ್ಮ ಭಾಗದಲ್ಲಿ ಎಷ್ಟಿದ್ದಾರೆ ಎಂಬುದು ನಿಮಗೆ ಗೊತ್ತೇ ಇದೆ. ಮಗ್ಗದ ಮುಂದೆ ನಿಂತು ಸ್ವತಃ ಚಿತ್ರ ತೆಗೆಯಬಲ್ಲ ನಿಮ್ಮ ಗುಂಪಿಗೆ ಈ ನಿಯಮ ಅನುಕೂಲಕರ. ಆ ಅನುಕೂಲವನ್ನು ದಯವಿಟ್ಟು ಬಳಸಿಕೊಳ್ಳಿ.

ಸಂಶಯ ಬಂದಾಗ ಸೆಟ್ಟಿಂಗ್ಸ್‌ನಲ್ಲಿರುವ ಅಕೌಂಟ್ ಸ್ಟೇಟಸ್ ಪುಟವನ್ನು ತೆರೆಯಿರಿ. ನಿಮ್ಮ ಪೋಸ್ಟ್‌ಗಳು ಶಿಫಾರಸಿಗೆ ಅರ್ಹವೇ ಎಂಬುದನ್ನು 2022ರ ಡಿಸೆಂಬರ್‌ನಿಂದ ವೃತ್ತಿಪರ ಖಾತೆಗಳಿಗೆ ಅಲ್ಲಿಯೇ ತೋರಿಸಲಾಗುತ್ತಿದೆ. ತೊಡಕಿನ ಪೋಸ್ಟನ್ನು ತಿದ್ದಬಹುದು, ಅಳಿಸಬಹುದು, ಅಥವಾ ಮರುಪರಿಶೀಲನೆಗೆ ಕೋರಬಹುದು.

ಕೊಂಡಿ_ಸೆರಗು

ಇಬ್ಬರಿಗೂ ಧನ್ಯವಾದಗಳು. ನಮ್ಮ ಗುಚ್ಛದಲ್ಲಿರುವ ಟ್ಯಾಗ್‌ಗಳ ಪುಟಗಳನ್ನು ಒಂದೊಂದಾಗಿ ತೆರೆದು ನೋಡಿದೆ. ನೇಯ್ಗೆಗೆ ಸಂಬಂಧಿಸಿದ ಯಾವುದರಲ್ಲೂ ತೊಂದರೆ ಕಾಣಲಿಲ್ಲ. ಸಾಮಾನ್ಯ ಫ್ಯಾಷನ್ ಟ್ಯಾಗ್‌ಗಳಲ್ಲಿ ಕೆಲವು, ನೀವು ಹೇಳಿದಂತೆ, ನಮಗೆ ತಕ್ಕ ಜಾಗಗಳಾಗಿರಲಿಲ್ಲ. ಇನ್ನೊಂದು ಸಂಶಯ ಉಳಿದಿದೆ. ನಿರ್ಬಂಧಿತ ಪದದಲ್ಲಿ ಒಂದು ಅಕ್ಷರವನ್ನು ಬದಲಿಸಿ, ಅಥವಾ ಅಂಕಿಯೊಂದನ್ನು ಸೇರಿಸಿ ಬಳಸಿದರೆ ಸರಿಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ಅದು ಯೋಗ್ಯ ಮಾರ್ಗವೇ? ಕನ್ನಡದ ಟ್ಯಾಗ್‌ಗಳ ಪ್ರಶ್ನೆಯೂ ಹಾಗೆಯೇ ಉಳಿದಿದೆ.

ಉತ್ತರ 3: ಹಾಸುಹೊಕ್ಕು

ಅಕ್ಷರ ಬದಲಿಸುವ ಉಪಾಯವನ್ನು ಬೇಡ ಎನ್ನುತ್ತೇನೆ. ಮೂಲ ಟ್ಯಾಗ್‌ನಲ್ಲಿ ಜಾಗ ಸಿಗದ ಅಶ್ಲೀಲ ಖಾತೆಗಳೂ ಆ ತಿರುಚಿದ ಕಾಗುಣಿತಕ್ಕೇ ಬಂದು ಸೇರುತ್ತವೆ, ಆಗ ನಿಮ್ಮ ಸೀರೆ ಅವರ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಅಲ್ಲದೆ, ಸೀರೆ ಕೊಳ್ಳಬೇಕೆಂದು ಹುಡುಕುವವರು ಯಾರೂ ತಪ್ಪು ಕಾಗುಣಿತದಲ್ಲಿ ಬೇಕೆಂದೇ ಹುಡುಕುವುದಿಲ್ಲ.

ಆದರೆ ನಿರ್ಬಂಧವೆಲ್ಲ ನ್ಯಾಯವಾದದ್ದು ಎಂದು ಭಾವಿಸಬೇಕಾಗಿಲ್ಲ ಎಂಬುದನ್ನೂ ಇಲ್ಲಿ ದಾಖಲಿಸಬೇಕು. 2020ರ ಜೂನ್‌ನಲ್ಲಿ ಸಿಖ್ ಎಂಬ ಟ್ಯಾಗ್ ಇನ್‌ಸ್ಟಾಗ್ರಾಂ ಮತ್ತು ಫೇಸ್‌ಬುಕ್ ಎರಡರಲ್ಲೂ ತಡೆಹಿಡಿಯಲ್ಪಟ್ಟಿದೆ ಎಂದು ಬೆಳಕಿಗೆ ಬಂದಾಗ, ಮಾರ್ಚ್‌ನಲ್ಲಿ ಬಂದ ಒಂದು ದೂರನ್ನು ಪರಿಶೀಲಿಸುವಾಗ ತಪ್ಪಾಗಿದೆ ಎಂದು ಸಂಸ್ಥೆ ಒಪ್ಪಿಕೊಂಡಿತು. ಇಡೀ ಒಂದು ಸಮುದಾಯದ ಹೆಸರು ಸುಮಾರು ಮೂರು ತಿಂಗಳು ಹುಡುಕಾಟದಿಂದ ಮರೆಯಾಗಿತ್ತು. 2021ರ ಏಪ್ರಿಲ್‌ನಲ್ಲಿ ಪ್ರಧಾನಿಯ ರಾಜೀನಾಮೆಯನ್ನು ಕೇಳುವ ಟ್ಯಾಗೊಂದನ್ನು ಫೇಸ್‌ಬುಕ್ ಕೆಲವು ಗಂಟೆ ಮರೆಮಾಡಿ, ನಂತರ ಅದು ತಪ್ಪಿನಿಂದ ಆದದ್ದು, ಸರ್ಕಾರ ಕೇಳಿದ್ದರಿಂದ ಅಲ್ಲ ಎಂದು ತಿಳಿಸಿತು. ಆದ್ದರಿಂದ ನಿಮ್ಮ ಊರಿನ, ಕಸುಬಿನ, ಸಮುದಾಯದ ಹೆಸರಿನ ಟ್ಯಾಗ್ ಎಂದಾದರೂ ನಿರ್ಬಂಧಕ್ಕೆ ಒಳಗಾದರೆ ಸುಮ್ಮನೆ ಬೇರೆ ಪದಕ್ಕೆ ಹೋಗಬೇಡಿ. ಆ್ಯಪ್‌ನೊಳಗಿನ "ಸಮಸ್ಯೆಯನ್ನು ವರದಿ ಮಾಡಿ" ಎಂಬ ಆಯ್ಕೆಯಿಂದ ತಿಳಿಸಿ, ಜೊತೆಯ ನೇಕಾರರಿಂದಲೂ ತಿಳಿಸಿ.

ಕನ್ನಡದ ಟ್ಯಾಗ್‌ಗಳ ವಿಷಯಕ್ಕೆ ಬಂದರೆ, ಅಲ್ಲಿ ನಿರ್ಬಂಧಕ್ಕಿಂತ ಕಾಗುಣಿತದ ಗೊಂದಲವೇ ದೊಡ್ಡದು. ಇಳಕಲ್, ಇಲಕಲ್, ಇಳಕಲ್ಲ ಎಂದು ಬರೆದರೆ ಅವು ಮೂರು ಬೇರೆ ಬೇರೆ ಟ್ಯಾಗ್‌ಗಳಾಗುತ್ತವೆ. ಕೆಲವು ಕೀಲಿಮಣೆಗಳು ಒತ್ತಕ್ಷರದ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಸೇರಿಸುತ್ತವೆ. ಆಗ ನೋಡಲು ಒಂದೇ ಆಗಿರುವ ಎರಡು ಪದಗಳು ಯಂತ್ರಕ್ಕೆ ಬೇರೆಯಾಗಿಬಿಡುತ್ತವೆ. ಗುಂಪಿನವರೆಲ್ಲ ಒಂದೇ ಕಾಗುಣಿತವನ್ನು ನಿಶ್ಚಯಿಸಿಕೊಂಡು, ಅದನ್ನು ಪ್ರತಿಯೊಬ್ಬರೂ ತಮ್ಮ ಮೊಬೈಲಿನಲ್ಲಿ ಟೈಪ್ ಮಾಡುವ ಬದಲು ಒಂದೇ ಕಡೆಯಿಂದ ನಕಲಿಸಿಕೊಳ್ಳುವುದು ಉತ್ತಮ. ಪದಗಳ ನಡುವೆ ತೆರಪು ಬಿಟ್ಟರೆ ಟ್ಯಾಗ್ ಅಲ್ಲಿಗೇ ಮುಗಿಯುತ್ತದೆ ಎಂಬುದನ್ನೂ ಹೊಸಬರಿಗೆ ಹೇಳಿಕೊಡಿ.

ನನ್ನನ್ನು ಕೇಳಿದರೆ, ಇಳಕಲ್‌ಸೀರೆ ಎಂಬುದನ್ನು ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು, ಅಂಚಿನ ಹೆಸರಿನದು ಒಂದು, ಅಂದರೆ ಗೋಮಿ, ಗಾಡಿ, ಪರಾಸ್ ಇವುಗಳಲ್ಲಿ ಆ ಸೀರೆಗೆ ಸಲ್ಲುವಂಥದ್ದು, ಕಸೂತಿ ಇದ್ದರೆ ಅದಕ್ಕೊಂದು, ಇಷ್ಟನ್ನು ಹಾಕಿ ನಿಲ್ಲಿಸುತ್ತೇನೆ. ಉಳಿದ ಜಾಗದಲ್ಲಿ ವಿವರಣೆಯನ್ನು ಬರೆಯಿರಿ: ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು, ಹತ್ತಿಯದೇ, ಸೆರಗು ರೇಷ್ಮೆಯದೇ, ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸಿದ್ದು ಯಾರು, ತೋಪು ತೆನಿ ವಿನ್ಯಾಸದ ಸೆರಗಿನ ಬಣ್ಣ ಯಾವುದು, ಬೆಲೆ ಎಷ್ಟು. ಹುಡುಕುವವರು ಟೈಪ್ ಮಾಡುವುದು ಈ ಪದಗಳನ್ನೇ, ಮತ್ತು ಹುಡುಕಾಟದ ವ್ಯವಸ್ಥೆ ವಿವರಣೆಯಲ್ಲಿರುವ ಪದಗಳನ್ನೂ ಓದುತ್ತದೆ. ಅದೇ ವಿಡಿಯೋವನ್ನು ಯೂಟ್ಯೂಬಿಗೂ ಹಾಕುವುದಾದರೆ, ಅಲ್ಲಿ 60ಕ್ಕಿಂತ ಹೆಚ್ಚು ಟ್ಯಾಗ್ ಹಾಕಿದರೆ ಎಲ್ಲವನ್ನೂ ಕಡೆಗಣಿಸುತ್ತಾರೆ ಎಂಬುದು ನೆನಪಿರಲಿ. ನಿಮಗೆ ಅಲ್ಲಿಯೂ ಈ ನಾಲ್ಕೇ ಸಾಕು.