ಶಾಲೆಯಲ್ಲಿ ಉಬ್ಬಸದ ಮಕ್ಕಳಿಗೆ ಬಾಟಲಿ ಸ್ಪೇಸರ್ ಆಗುತ್ತದೆಯೇ?

ಪ್ರಶ್ನೆ (ಆಶಾ ಮೇಲ್ವಿಚಾರಕಿ)
ನಮ್ಮ ಹೋಬಳಿಯ ಆರು ಶಾಲೆಗಳಲ್ಲಿ ಉಬ್ಬಸದ ಮಕ್ಕಳಿಗೆ ಡಾಕ್ಟರು ಪಂಪ್ (ಇನ್‌ಹೇಲರ್) ಬರೆದುಕೊಟ್ಟಿದ್ದಾರೆ. ಪಂಪಿಗೂ ಬಾಯಿಗೂ ನಡುವೆ ಇಟ್ಟು ಔಷಧ ಎಳೆದುಕೊಳ್ಳುವ ಟೊಳ್ಳು ಡಬ್ಬಿ, ಅಂದರೆ ಸ್ಪೇಸರ್, ಎಲ್ಲರ ಬಳಿ ಇಲ್ಲ. ನೀರಿನ ಬಾಟಲಿಯಲ್ಲಿ ಮಾಡಿಕೊಳ್ಳಬಹುದೇ? ಶಾಲೆಯಲ್ಲೇ ದಮ್ಮು ಕಟ್ಟಿದರೆ ಟೀಚರ್ ಏನು ಮಾಡಬೇಕು?

ಉತ್ತರ 1
ಆಗುತ್ತದೆ ಮೇಡಂ. ದಕ್ಷಿಣ ಆಫ್ರಿಕಾದಲ್ಲಿ ಮಕ್ಕಳ ಮೇಲೆ ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಂಪ್ ಕೂರುವ ತೂತಿನ ಸುತ್ತ ಸಂದು ಮುಚ್ಚಿದ 500 ಮಿ.ಲೀ. ಬಾಟಲಿ ಅಂಗಡಿಯ ಸ್ಪೇಸರ್‌ನಷ್ಟೇ ಕೆಲಸ ಮಾಡಿತು. ಸಂದು ಮುಚ್ಚದ ಬಾಟಲಿ ಅಷ್ಟು ಫಲ ಕೊಡಲಿಲ್ಲ. ಹಾಗಾಗಿ ಅಂಟಿನ ಕೆಲಸದಲ್ಲಿ ಅವಸರ ಬೇಡ.

ಪಂಪಿನ ಬಾಯಿಯ ಆಕಾರವನ್ನು ಬಾಟಲಿಯ ತಳದಲ್ಲಿ ಗುರುತು ಮಾಡಿ. ತಂತಿಯನ್ನು ಅದೇ ಆಕಾರಕ್ಕೆ ಬಗ್ಗಿಸಿ, ಕಾಯಿಸಿ ಒತ್ತಿ. ತೂತು ಒಂದು ಕೂದಲೆಳೆ ಚಿಕ್ಕದಿರಲಿ, ಪಂಪ್ ಬಿಗಿಯಾಗಿ ಕೂರುತ್ತದೆ. ಸುತ್ತ ಅಂಟು ಹಾಕಿ. ಆಮೇಲೆ ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಅದ್ದಿ, ಹಾಗೇ ಆರಲು ಬಿಡಿ. ಒಳಗೆ ಬಟ್ಟೆ ಹಾಕಿ ಒರೆಸಿದರೆ ಪ್ಲಾಸ್ಟಿಕ್‌ಗೆ ವಿದ್ಯುದಂಶ ಬಂದು, ಔಷಧ ಮಗುವಿನ ಎದೆಗೆ ಹೋಗದೆ ಬಾಟಲಿಗೇ ಅಂಟುತ್ತದೆ.

ಒಂದು ಮಗುವಿಗೆ ಒಂದು ಬಾಟಲಿ, ಮೇಲೆ ಹೆಸರು. ಬಾಟಲಿಯ ಬಾಯಿಯನ್ನು ತುಟಿಯಿಂದ ಬಿಗಿಯಾಗಿ ಹಿಡಿಯಲಾರದ ಚಿಕ್ಕ ಮಕ್ಕಳಿಗೆ ಮಾಸ್ಕ್ ಇರುವ ಸ್ಪೇಸರೇ ಬೇಕು.

ಉತ್ತರ 2
ಟೀಚರ್‌ಗೆ: ಮಗುವನ್ನು ನೆಟ್ಟಗೆ ಕೂರಿಸಿ, ಮಲಗಿಸಬೇಡಿ. ಕಟ್ಟಿದ ದಮ್ಮು ಬಿಡಿಸುವ ಸಾಲ್ಬುಟಮಾಲ್ 100 ಮೈಕ್ರೊಗ್ರಾಂ ಪಂಪನ್ನು ಕುಲುಕಿ, ಸ್ಪೇಸರ್‌ಗೆ ಒಂದು ಪಫ್ ಒತ್ತಿ, ಅದರಿಂದ ನಾಲ್ಕು ಉಸಿರು. ಮತ್ತೆ ಕುಲುಕಿ ಇನ್ನೊಂದು. ಹೀಗೆ ನಾಲ್ಕು. ನಾಲ್ಕೂ ಒಟ್ಟಿಗೆ ಒತ್ತಿದರೆ ಹನಿಗಳು ಕೂಡಿಕೊಂಡು ಸ್ಪೇಸರ್‌ನ ಗೋಡೆಗೆ ಕೂರುತ್ತವೆ. ಎಲ್ಲೆಡೆ ಆಗುವ ತಪ್ಪು ಇದೇ. ನಾಲ್ಕು ನಿಮಿಷ ನೋಡಿ, ಇಳಿಯದಿದ್ದರೆ ಇನ್ನೂ ನಾಲ್ಕು ಪಫ್ ಕೊಡುತ್ತಾ 108ಕ್ಕೆ ಕರೆ ಮಾಡಿ. ಒಂದು ವಾಕ್ಯ ಪೂರ್ತಿ ಆಡಲಾಗುತ್ತಿಲ್ಲ, ಪಕ್ಕೆ ಒಳಗೆ ಸೆಳೆಯುತ್ತಿದೆ, ತುಟಿ ನೀಲಿಯಾಗಿದೆ ಎಂದರೆ ಕಾಯಲೇಬೇಡಿ, ಮೊದಲೇ ಕರೆ ಮಾಡಿ.

ಉತ್ತರ 3
ಸ್ಪೇಸರ್ ಹಂಚುವುದು ಸುಲಭದ ಭಾಗ. ಕಾರ್ಯಕ್ರಮ ಸೋಲುವುದು ಮನೆಯಲ್ಲಿ: ಕೆಮ್ಮು ನಿಂತ ಕೂಡಲೇ ದಮ್ಮು ಬಾರದಂತೆ ದಿನವೂ ಎಳೆಯುವ ಸ್ಟೆರಾಯ್ಡ್ ಪಂಪನ್ನೂ ನಿಲ್ಲಿಸುತ್ತಾರೆ. ಮೃಗಶಿರಾ ಮಳೆಯ ದಿನ ಉಬ್ಬಸಕ್ಕೆಂದು ಕೊಡುವ ನಾಟಿ ಔಷಧಕ್ಕೆ ಹೋಗುವವರ ಜೊತೆ ಜಗಳ ಬೇಡ, ಪಂಪ್ ಬಿಡಬೇಡಿ ಎಂದಷ್ಟೇ ಒಪ್ಪಿಸಿ.

ಔಷಧ ಮುಗಿದ ಮೇಲೂ ಪಂಪ್ ಬುಸ್ಸೆನ್ನುತ್ತದೆ, ನೀರಲ್ಲಿ ತೇಲಿಸಿ ನೋಡುವುದನ್ನು ನಂಬಬೇಡಿ. 200 ಪಫ್‌ನ ಪಂಪ್, ದಿನಕ್ಕೆ ಎರಡಾದರೆ 100 ದಿನ; ಮುಗಿಯುವ ತಾರೀಖನ್ನು ತೆಗೆದ ದಿನವೇ ಅದರ ಮೇಲೆ ಬರೆಯಿರಿ.

ಪ್ರಶ್ನೆ ಕೇಳಿದವರು
ತಿಂಗಳಿಗೊಮ್ಮೆ ಮನೆಗೆ ಹೋದಾಗ ಏನು ನೋಡಲಿ ಸರ್?

ಉತ್ತರ 3
"ಪಂಪ್ ಎಳೆಯಲು ಬರುತ್ತಾ?" ಎಂದು ಕೇಳಬೇಡಿ, ಎಲ್ಲರೂ ಹೂಂ ಅಂತಾರೆ. "ತೋರಿಸು ಪುಟ್ಟ" ಅನ್ನಿ. ಆಮೇಲೆ ರಾತ್ರಿ ಕೆಮ್ಮಿ ಏಳುತ್ತಾನಾ ಎಂದು ತಾಯಿಯನ್ನು ವಿಚಾರಿಸಿ, ಒಲೆಯ ಹೊಗೆ ಮಲಗುವ ಕೋಣೆಗೆ ಬರುತ್ತದಾ ನೋಡಿ.