ಪದಚರ್ಚೆ: ‘ಬ್ಯಾಕಪ್ ತೆಗೆ’ ಅಂದರೆ ಮಾಡುವುದಾ, ಅಳಿಸುವುದಾ?

ಎಲ್ಲರಿಗೂ ನಮಸ್ಕಾರ.

ಒಂದು ಚಿಕ್ಕ ಶೆಲ್ ಸ್ಕ್ರಿಪ್ಟ್ (ಕಂಪ್ಯೂಟರಿಗೆ ಕೊಡುವ ಆದೇಶಗಳನ್ನು ಸಾಲಾಗಿ ಬರೆದಿಟ್ಟ ಫೈಲು) ಬರೆದಿದ್ದೇನೆ. ಅದು ಟಾರ್ (ಫೈಲುಗಳನ್ನು ಒಟ್ಟು ಸೇರಿಸುವ ಪ್ರೋಗ್ರಾಂ), ಜಿಝಿಪ್ (ಫೈಲಿನ ಗಾತ್ರ ಕುಗ್ಗಿಸುವ ಪ್ರೋಗ್ರಾಂ) ಬಳಸಿ ಇಡೀ ಫೋಲ್ಡರನ್ನು ಒಂದೇ ಫೈಲಾಗಿ ಮಾಡಿ, ಹೆಸರಿಗೆ ಆ ದಿನದ ತಾರೀಕು ಸೇರಿಸಿ ಇಡುತ್ತದೆ. ಆಮೇಲೆ 7 ದಿನಕ್ಕಿಂತ ಹಳೆಯದನ್ನು ಅಳಿಸುತ್ತದೆ. ಸಂದೇಶಗಳೆಲ್ಲ ಕನ್ನಡದಲ್ಲೇ ಇರಲಿ ಅಂತ ಬಾಯಿಗೆ ಬಂದ ಮಾತನ್ನೇ ಬರೆದೆ. ಓಡಿಸಿದಾಗ ಪರದೆಯ ಮೇಲೆ ಬಂದದ್ದು ಇದು:

ಬ್ಯಾಕಪ್ ತೆಗೆಯಲಾಗಿದೆ.
ಹಳೆಯ ಬ್ಯಾಕಪ್ ತೆಗೆಯಲಾಗಿದೆ.

ಮೊದಲನೆಯದು ಫೋಟೊ ತೆಗೆದ ಹಾಗೆ, ಎರಡನೆಯದು ಕಳೆ ತೆಗೆದ ಹಾಗೆ. ಫೈಲುಗಳನ್ನು ವಾಪಸ್ ಪಡೆಯುವ ಕಡೆಯೂ ‘ಬ್ಯಾಕಪ್ ತೆಗೆಯಲಾಗುತ್ತಿದೆ’ ಅಂತಲೇ ಬರೆದಿದ್ದೆ, ಅದು ಬಾಗಿಲು ತೆಗೆದ ಹಾಗೆ. ಮಾತಾಡುವಾಗ ಇದು ತೊಡಕೇ ಅಲ್ಲ, ಸಂದರ್ಭದಿಂದ ಗೊತ್ತಾಗುತ್ತದೆ. ಆದರೆ ಲಾಗ್ ಫೈಲಿನಲ್ಲಿ (ಏನೇನು ನಡೆಯಿತು ಅಂತ ಬರೆದಿಡುವ ಫೈಲು) ಒಂದೇ ಸಾಲು ಓದುವವರಿಗೆ ಅವರ ಬ್ಯಾಕಪ್ ಇದೆಯೋ ಹೋಯಿತೋ ತಿಳಿಯಬೇಕಲ್ವಾ?

‘ತೆಗೆದುಹಾಕು’ ಅಂದರೆ ಅಳಿಸುವುದು ಅಂತ ಸ್ಪಷ್ಟ. ‘ತೆಗೆದುಕೊಳ್ಳು’ ಅಂದರೆ ಆ ಅರ್ಥ ಬಿಟ್ಟುಹೋಗುತ್ತದೆ, ‘ಬ್ಯಾಕಪ್ ತಗೊಳ್ಳಿ’ ಅಂತ ನಾವು ದಿನಾ ಹೇಳುತ್ತೇವೆ. ಆದರೆ ‘ಬ್ಯಾಕಪ್ ತೆಗೆದುಕೊಳ್ಳಲಾಗಿದೆ’ ಅಂತ ಯಂತ್ರ ಹೇಳಿದರೆ ಯಾರೋ ಎತ್ತಿಕೊಂಡು ಹೋದ ಹಾಗೆ ಕೇಳಿಸುತ್ತದೆ. ಸದ್ಯಕ್ಕೆ ‘ಬ್ಯಾಕಪ್ ಆಗಿದೆ’, ‘ಹಳೆಯ ಬ್ಯಾಕಪ್ ಅಳಿಸಿದೆ’ ಅಂತ ಮಾಡಿದ್ದೇನೆ. ಎರಡನೆಯದರಲ್ಲಿ ಅಳಿಸಿದ್ದು ಯಾರು ಅಂತ ಕೇಳುವ ಹಾಗಾಗುತ್ತದೆ, ಅದು ಪೂರ್ತಿ ಒಪ್ಪಿಗೆಯಾಗಿಲ್ಲ.

ಇನ್ನು ಕಂಪ್ರೆಸ್, ಅಂದರೆ ಫೈಲಿನ ಗಾತ್ರ ಕಡಿಮೆ ಮಾಡುವುದು. ‘ಸಂಕುಚಿತ’ ಅಂದ ಕೂಡಲೇ ನನಗೆ ಸಂಕುಚಿತ ಮನಸ್ಸು ನೆನಪಾಗುತ್ತದೆ. ‘ಹಿಂಡು’ ಅಂದರೆ ರಸ ಹೊರಗೆ ಹೋಗುತ್ತದೆ, ಇಲ್ಲಿ ಒಂದು ಅಕ್ಷರವೂ ಕಳೆದುಹೋಗುವುದಿಲ್ಲ. ‘ಕುಗ್ಗಿಸು’ ಪರವಾಗಿಲ್ಲ, ಆದರೆ ‘ಫೋಲ್ಡರ್ ಕುಗ್ಗಿಸಲಾಗಿದೆ’ ಅಂದರೆ ಮೂಲ ಫೋಲ್ಡರೇ ಬದಲಾದ ಹಾಗೆ ಅನಿಸುತ್ತದೆ. ಅದು ಇದ್ದ ಹಾಗೇ ಇರುತ್ತದೆ, ಹುಟ್ಟುವುದು ಬೇರೆ ಪ್ರತಿ. ಬರೀ ಜಿಝಿಪ್‌ಗೆ ಒಂದು ಫೈಲ್ ಕೊಟ್ಟರೆ ಮಾತ್ರ, ಬೇರೇನೂ ಹೇಳದಿದ್ದರೆ, ಮೂಲ ಹೋಗಿ ಕುಗ್ಗಿದ ಫೈಲಷ್ಟೇ ಉಳಿಯುತ್ತದೆ. ಅಲ್ಲಿ ‘ಫೈಲ್ ಕುಗ್ಗಿಸಲಾಗಿದೆ’ ಅನ್ನುವುದು ಸರಿಯಾಗೇ ಇದೆ!

ಟಾರ್ ತಾನಾಗಿ ಏನನ್ನೂ ಕುಗ್ಗಿಸುವುದಿಲ್ಲ, ಟೇಪ್ ಆರ್ಕೈವ್ ಅನ್ನುವುದರಿಂದ ಬಂದ ಹೆಸರು ಅದು, ಫೈಲುಗಳನ್ನೆಲ್ಲ ಒಟ್ಟು ಸೇರಿಸುವುದಷ್ಟೇ ಅದರ ಕೆಲಸ. ಅದಕ್ಕೆ ನನಗೆ ‘ಗಂಟು ಕಟ್ಟು’ ತುಂಬಾ ಇಷ್ಟವಾಯಿತು. ಮೊದಲು ಗಂಟು ಕಟ್ಟುವುದು, ಆಮೇಲೆ ಕುಗ್ಗಿಸುವುದು. ವಾಪಸ್ ಬೇಕಾದಾಗ ‘ಬಿಚ್ಚು’. ಹೀಗೆ ಮಾಡಿದರೆ ‘ತೆಗೆ’ ಅನ್ನುವ ಪದ ಎಲ್ಲೂ ಬೇಕಾಗುವುದಿಲ್ಲ.

ನನ್ನ ಪ್ರಶ್ನೆ ಎರಡು. ‘ಗಂಟು ಬಿಚ್ಚಲಾಗುತ್ತಿದೆ’ ಅಂತ ಪರದೆಯ ಮೇಲೆ ಓದಿದರೆ ನಿಮಗೆ ತಟ್ಟನೆ ಅರ್ಥವಾಗುತ್ತದಾ? ‘ಹಳೆಯ ಬ್ಯಾಕಪ್ ಅಳಿಸಿದೆ’ ಸರಿಯಾ, ‘ಅಳಿಸಲಾಗಿದೆ’ ಅಂತಲೇ ಇರಬೇಕಾ?